ಕುಂಡದ ಗಿಡದ ಋಣ

ಮಂಡ್ಯ ಸೀಮೆಯ ಬಸರಾಳಿನ ಮಲ್ಲಿಕಾರ್ಜುನ ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ ಹರಿಹರ ದಂಡನಾಯಕ ಕಟ್ಟಿಸಿದ್ದು 1234ರಲ್ಲಿ. ಈ ದೇವರ ಹೆಸರಿನಲ್ಲೇ ಒಂದು ಹೂವಿದೆ. ಮಲ್ಲಿಕಾ ಅಂದರೆ ಮಲ್ಲಿಗೆ; ಬಿಸಿಲೇರಿದಂತೆ ಮೊಗ್ಗು ತುಂಬಿಕೊಳ್ಳುವ ಗಿಡ, ಚೈತ್ರ ವೈಶಾಖವೇ ಅದಕ್ಕೆ ಸುಗ್ಗಿ. ಸೀಮೆಗೆ ಒಗ್ಗಿದ ಆ ಹೂವಿರುವಾಗ, ನೀಲಗಿರಿಯ ಚಳಿಯಲ್ಲಿ ಕೆಂಪಗೆ ಅರಳುವ ರೋಡೋಡೆಂಡ್ರಾನನ್ನೋ, ನರ್ಸರಿಯಲ್ಲಿ ಸಿಗುವ ಅದರದೇ ಕುಲದ ಅಜೇಲಿಯಾವನ್ನೋ ಯಾರಾದರೂ ತಂದು ಬಸರಾಳಿನ ಜಗುಲಿಯ ಮೇಲೆ ಕುಂಡದಲ್ಲಿಟ್ಟರು ಎಂದುಕೊಳ್ಳೋಣ. ಏಪ್ರಿಲ್ ಬಂದರೆ ಅದಕ್ಕೆ ಮಧ್ಯಾಹ್ನದ ನೆರಳು ಬೇಕು, ಬುಡಕ್ಕೆ ತರಗಿನ ಹೊದಿಕೆ ಬೇಕು, ನೀರಂತೂ ತಪ್ಪುವಂತಿಲ್ಲ. ಹೀಗೆ ನೋಡಿಕೊಳ್ಳುವುದನ್ನು ಕೆಲವರು ದಯೆ ಅನ್ನುತ್ತಾರೆ, ಕೆಲವರು ಶೋಕಿ ಅನ್ನುತ್ತಾರೆ. ನನಗೆ ಅದು ಸಾಲ ತೀರಿಸುವ ಕೆಲಸವಾಗಿ ಕಾಣುತ್ತದೆ.

ಶಾಸ್ತ್ರದ ಮಾತಿನಲ್ಲಿ ಗಿಡ ಸ್ಥಾವರ, ನಡೆದಾಡುವ ಜೀವ ಜಂಗಮ. ಆದರೆ ನೆಲದಲ್ಲಿರುವ ಸ್ಥಾವರಕ್ಕೂ ಒಂದು ನಡಿಗೆಯಿದೆ, ಅದು ಮಣ್ಣಿನ ಕೆಳಗೆ. ಹೊಂಗೆ, ಹುಣಸೆ, ಬಿಲ್ವಗಳ ಬೇರು ಬೇಸಿಗೆಯಲ್ಲಿ ತೇವ ಹುಡುಕಿಕೊಂಡು ಹೋಗುತ್ತದೆ. ಗಿಡವನ್ನು ಕುಂಡಕ್ಕೆ ಹಾಕಿದ ದಿನವೇ ಆ ದಾರಿಯನ್ನು ನಾವು ಮುಚ್ಚಿಬಿಟ್ಟಿರುತ್ತೇವೆ. ದಾರಿ ಕಿತ್ತುಕೊಂಡವನು ನೀರು ಕೊಟ್ಟರೆ ಅದನ್ನು ದಾನ ಎಂದು ಬರೆದಿಡಲಾಗದು. ದೇವರ ವಿಷಯದಲ್ಲಿ ನಮ್ಮ ಹಿರಿಯರಿಗೆ ಈ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು. ಮೂರ್ತಿಯನ್ನು ಪ್ರತಿಷ್ಠೆ ಮಾಡಿದವನು ನಿತ್ಯಪೂಜೆಗೂ ದಾರಿ ಮಾಡಿಡಬೇಕು. ಹೊಯ್ಸಳರ ಕಾಲದ ಶಾಸನಗಳಲ್ಲಿ ನಂದಾದೀವಿಗೆಗೆ, ನೈವೇದ್ಯಕ್ಕೆ, ಹೂದೋಟಕ್ಕೆ ಬಿಟ್ಟ ಭೂಮಿಯ ಲೆಕ್ಕ ಸಿಗುವುದು ಅದಕ್ಕೇ. ತಂದು ಕೂರಿಸಿದ ಮೇಲೆ ಸೇವೆ ನಡೆಯಲೇಬೇಕು. ಈ ಋಣದಲ್ಲಿ ತೀರುವಂಥದ್ದೂ ಉಂಟು, ತೀರದ್ದೂ ಉಂಟು. ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಬದಿಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಆಲದ ಸಸಿ ನೆಟ್ಟು ಕೊಡದಲ್ಲಿ ನೀರು ಹೊತ್ತು ಹಾಕಿದ್ದು ಬೇರು ಇಳಿಯುವ ತನಕ. ಬೇರು ಇಳಿದ ಮೇಲೆ ಆಲ ತನ್ನ ಪಾಡು ತಾನು ನೋಡಿಕೊಂಡಿತು. ಕುಂಡದ ಗಿಡದ ಸಾಲಕ್ಕೆ ಅಂಥ ಕೊನೆಯ ಕಂತು ಇಲ್ಲ.

ಸಾಲ ಅಂದಮೇಲೆ ಯಾರಿಗೆ ಏನು ಸಲ್ಲಬೇಕೋ ಅದೇ ಸಲ್ಲಬೇಕು. ರೋಡೋಡೆಂಡ್ರಾನಿನ ಬೇರು ಕೂದಲಿನಷ್ಟು ಸಣ್ಣ, ಮೇಲ್ಮಣ್ಣಿನಲ್ಲೇ ಹರಡುವಂಥದ್ದು. ಅದಕ್ಕೆ ಹುಳಿ ಮಣ್ಣು ಬೇಕು. ಸುಣ್ಣದಂಶ ತುಂಬಿದ ಬೋರಿನ ಗಡಸು ನೀರನ್ನೇ ಹೊಯ್ಯುತ್ತಾ ಹೋದರೆ ಮಣ್ಣಿನ ಹುಳಿ ಇಳಿಯುತ್ತದೆ, ಗಿಡಕ್ಕೆ ಕಬ್ಬಿಣ ಸಿಗದೆ ಹೊಸ ಎಲೆಯಲ್ಲಿ ನರ ಮಾತ್ರ ಹಸಿರಾಗಿ ಉಳಿದು ಮಿಕ್ಕಿದ್ದೆಲ್ಲ ಹಳದಿಯಾಗುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ನೀರು ಕಡಿಮೆಯಾದರೂ ಎಲೆ ಜೋತುಬೀಳುತ್ತದೆ, ನೀರು ನಿಂತು ಬೇರು ಕೊಳೆತರೂ ಹಾಗೇ ಜೋತುಬೀಳುತ್ತದೆ. ಬಾಡಿದ್ದು ಕಂಡ ತಕ್ಷಣ ಕರಗಿ ಇನ್ನೊಂದು ಚೊಂಬು ಹೊಯ್ಯುವ ಕೈ ಗಿಡವನ್ನು ಕೊಲ್ಲಬಹುದು. ಮರುಕ ತಣಿಯುವುದು ಹೊಯ್ದವರ ಮನಸ್ಸಿನಲ್ಲಿ, ಕೊಳೆಯುವುದು ಬೇರು. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ ತೇವ ನೋಡುವುದು ಭಕ್ತಿಯಂತೆ ಕಾಣುವುದಿಲ್ಲ ನಿಜ. ಆದರೆ ಬೇಸಿಗೆಯಲ್ಲಿ ಶಿವಲಿಂಗದ ಮೇಲೆ ತೂಗುಬಿಡುವ ಧಾರಾಪಾತ್ರೆಯನ್ನು ಗಮನಿಸಿ: ತಳದಲ್ಲಿ ಸಣ್ಣ ತೂತು, ತೊಟ್ಟು ತೊಟ್ಟಾಗಿ ನೀರು. ಅಭಿಷೇಕಪ್ರಿಯನಿಗೂ ಇಲ್ಲಿ ಅಳತೆ ಉಂಟು. ಗಡಿಗೆಗೆ ತೂತು ಕೊರೆದು ಬತ್ತಿ ತುರುಕಿ ಸಸಿಯ ಬುಡದಲ್ಲಿ ಹೂಳುವ ರೈತರ ಉಪಾಯವೂ ಇದೇ ಜಾತಿಯದು.

ಗಿಡಕ್ಕೆ ನೋವೇ ಇಲ್ಲ, ನೋವಿಲ್ಲದ್ದಕ್ಕೆ ಋಣ ಎಲ್ಲಿಂದ ಬಂತು ಎಂದು ಕೇಳಬಹುದು. ಸಸ್ಯವೂ ಸ್ಪರ್ಶವೊಂದನ್ನು ಬಲ್ಲ ಏಕೇಂದ್ರಿಯ ಜೀವ ಎಂದು ಜೈನರು ಉತ್ತರ ಕೊಟ್ಟಾರು. ಆ ಚರ್ಚೆಗೆ ಇಳಿಯದೆಯೂ ನನ್ನ ವಾದ ನಿಲ್ಲುತ್ತದೆ. ಋಣ ಹುಟ್ಟಿದ್ದು ಗಿಡದ ನೋವಿನಿಂದಲ್ಲ, ನಮ್ಮ ಕೆಲಸದಿಂದ. ತೀರಿಹೋದ ಹಿರಿಯರಿಗೆ ನೋವಿಲ್ಲ, ಆದರೂ ಪಿತೃಋಣ ಎನ್ನುತ್ತೇವಲ್ಲ!

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮತ್ತೊಂದಿದೆ. ಎಲ್ಲ ಬೆಳೆಯೂ ಎಲ್ಲಿಂದಲೋ ಬಂದದ್ದೇ, ಮೆಣಸಿನಕಾಯಿ ಅಮೆರಿಕದ್ದು, ರಾಗಿಯ ತವರು ಆಫ್ರಿಕ. ಹಾಗಿರುವಾಗ ಪರಸ್ಥಳದ್ದೆಂದು ರೋಡೋಡೆಂಡ್ರಾನನ್ನು ಮಾತ್ರ ಏಕೆ ಬೇರೆ ಇಡಬೇಕು? ಒಪ್ಪುವ ಮಾತೇ. ಆದರೆ ರಾಗಿ ಸಾವಿರಾರು ವರ್ಷದಲ್ಲಿ ಈ ಮಣ್ಣಿನ ಮಗುವಾಗಿ ಮಳೆಯನ್ನೇ ನಂಬಿ ಬೆಳೆಯುತ್ತದೆ, ಅದರ ಋಣ ಆಲದ ಋಣದಂತೆ ತೀರಿದೆ. ಕಬ್ಬಿನ ಕಥೆ ಬೇರೆ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ, ಒಣನೆಲ ಹಸಿರಾಯಿತು. ಆ ಹಸಿರು ನಾಲೆಗೆ ಯಾವಾಗ ನೀರು ಬಿಡುತ್ತಾರೆಂದು ಕಾಯುವ ಹಸಿರು. ಬೇರೆಯವರ ಕೈನೀರಿನಿಂದ ಬದುಕುವುದೇ ಕುಂಡದ ಲಕ್ಷಣವಾದರೆ ಮಂಡ್ಯದ ಕಬ್ಬಿನ ಬಯಲೆಲ್ಲ ಒಂದು ದೊಡ್ಡ ಕುಂಡ. ಜಗುಲಿಯ ಅಜೇಲಿಯಾವನ್ನು ನೋಡಿ ಶೋಕಿ ಎಂದು ನಗುವವರು ಈ ಕುಂಡವನ್ನೂ ಸ್ವಲ್ಪ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗಾದರೆ ಬರ ಬಂದಾಗ? ದನಕ್ಕೆ, ಮನೆಗೆ ನೀರಿಲ್ಲದ ದಿನ ಹೂವಿಗೆ ಹೊಯ್ಯುವುದು ಧರ್ಮವೆಂದು ನಾನು ಹೇಳಲಾರೆ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಕುಂದೂರು ಬೆಟ್ಟದಲ್ಲಿ ಒಂದೊಂದೇ ಕಟ್ಟೆ ತೋಡಿಸಿದ್ದು ಮೂಕಪ್ರಾಣಿಗಳ, ಹಕ್ಕಿಗಳ ಬಾಯಾರಿಕೆಗೆ. ಆ ನೀರಿನ ಮುಂದೆ ಯಾವ ಹೂವಿನ ಹಕ್ಕೂ ದೊಡ್ಡದಲ್ಲ. ಅಂಥ ದಿನ ಗಿಡ ಒಣಗಲಿ ಎಂದು ಬಿಡಬೇಕಾಗಿ ಬರಬಹುದು, ಆದರೆ ಬಿಟ್ಟ ಮಾತ್ರಕ್ಕೆ ಸಾಲ ಮನ್ನಾ ಆಗುವುದಿಲ್ಲ. ತಪ್ಪು ಆಗಿದ್ದು ಮೇ ತಿಂಗಳಲ್ಲಿ ನೀರು ಹೊಯ್ಯದೆ ಇದ್ದಾಗಲೂ ಅಲ್ಲ. ಸೂರಿನಿಂದ ಸುರಿಯುವ ಮಳೆನೀರು ಮೆದುನೀರು, ಈ ಗಿಡಕ್ಕೆ ಅದೇ ಹಿತ. ಆಶ್ವಯುಜದ ಮಳೆಗೆ ಸೂರಿನ ಕೆಳಗೆ ಒಂದು ಡ್ರಮ್ಮು ಇಡದವರು, ಮಾಗಿಯ ಚಳಿಯಲ್ಲಿ ಅರಳಿ ನಿಂತ ಅಜೇಲಿಯಾವನ್ನು ನೋಡಿ ಮನಸೋತು ದುಡ್ಡು ಕೊಟ್ಟರಲ್ಲ, ಸಾಲದ ಪತ್ರಕ್ಕೆ ಸಹಿ ಬಿದ್ದದ್ದು ಆಗಲೇ.