ಬಲವೋ ಚಳಕವೋ

ಹೋದ ತಿಂಗಳು ಒಂದು ಭಾನುವಾರ ರಾತ್ರಿ ನಾವು ನಾಲ್ವರು ಹಾಸ್ಟೆಲ್ಲಿನ ಕೋಣೆಯಲ್ಲಿ ನೆಲದ ಮೇಲೆ ಕೂತು, ಒಂದು ಗೋಡೆ ಹತ್ತುವ ವಿಷಯಕ್ಕೆ ಮುಕ್ಕಾಲು ಗಂಟೆ ಜಗಳವಾಡಿದೆವು. ಅಲ್ಲಿ ಗೋಡೆ ಇರಲಿಲ್ಲ. ಇದ್ದದ್ದು ಒಂದು ಹಾಳೆ, ಪೆನ್ಸಿಲ್ಲು, ಇಪ್ಪತ್ತು ಮುಖದ ಒಂದು ದಾಳ.

ನಾವು ಆಡುತ್ತಿದ್ದದ್ದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಬಯಲಾಟದ ಊರಿನಿಂದ ಬಂದ ನನಗೆ ಇದು ತೀರ ಅಪರಿಚಿತ ಅನ್ನಿಸಲಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ಪ್ರತಿ ಪಾತ್ರಕ್ಕೂ ಆರು ಅಂಕಿಗಳಿರುತ್ತವೆ: ಬಲ, ಚಳಕ, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. 10 ಅಂದರೆ ಸಾಧಾರಣ ಮನುಷ್ಯ. ಅಂಕಿ 16 ಇದ್ದರೆ ದಾಳದಲ್ಲಿ ಬಿದ್ದ ಸಂಖ್ಯೆಗೆ 3 ಸೇರುತ್ತದೆ. ಆ ಮೂರರಲ್ಲೇ ಪಾತ್ರದ ಸಾವು ಬದುಕು ನಿಂತಿರುವುದುಂಟು.

ಗೆಳತಿಯ ಪಾತ್ರ ಒಬ್ಬ ಕಳ್ಳಿ. ಮೈ ಸಣ್ಣ, ಬಲ 8, ಚಳಕ 17. ಕೋಟೆಯ ಗೋಡೆ ಹತ್ತುತ್ತೇನೆ ಎಂದಳು. ಕಥೆ ನಡೆಸುವವನು ಪುಸ್ತಕ ತೆರೆದು, ಹತ್ತುವುದು ಬಲದ ಕೆಳಗೆ ಬರುತ್ತದೆ ಎಂದ. 'ಗೋಡೆ ಹತ್ತುವವರು ಪೈಲ್ವಾನರೇನು? ಬೆರಳ ತುದಿ, ಕಾಲ್ಬೆರಳ ತುದಿ ನಂಬಿ ಹತ್ತುವವರು' ಎಂದು ಅವಳು ವಾದಿಸಿದಳು. ನನ್ನ ಪಾತ್ರ ಬಲ 18ರ ಯೋಧನಾದ್ದರಿಂದ ನಾನು ಸಹಜವಾಗಿಯೇ ಪುಸ್ತಕದ ಪರ ನಿಂತೆ.

ಈ ಜಗಳ ನಮ್ಮದಷ್ಟೇ ಅಲ್ಲ. 2014ರ ಐದನೆಯ ಆವೃತ್ತಿಯಲ್ಲಿ ಹದಿನೆಂಟು ಕೌಶಲಗಳಿವೆ. ಅವುಗಳಲ್ಲಿ ಬಲಕ್ಕೆ ಸೇರಿದ್ದು ಒಂದೇ ಒಂದು. ಹತ್ತುವುದು, ಹಾರುವುದು, ಈಜುವುದು ಎಲ್ಲ ಅದರಲ್ಲೇ. ಚಳಕಕ್ಕೆ ಮೂರಿವೆ. ಅದು ಸಾಲದೆಂಬಂತೆ ಏಟು ತಪ್ಪಿಸಿಕೊಳ್ಳುವುದೂ ಬಾಣ ಬಿಡುವುದೂ ಮೊದಲು ಮುನ್ನುಗ್ಗುವುದೂ ಚಳಕದ ಪಾಲು. ಬಲಕ್ಕೆ ಅನ್ಯಾಯವಾಗಿದೆ ಎಂದು ಆಡುವವರು ಗೊಣಗುತ್ತಲೇ ಇರುತ್ತಾರೆ. ಬಾಣದ ವಿಷಯವನ್ನೇ ನೋಡಿ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಿಂದ ಮೇಲೆತ್ತಿದ ಯುದ್ಧದ ಬಿಲ್ಲುಗಳನ್ನು ಎಳೆಯಲು 100 ಪೌಂಡಿಗೂ ಹೆಚ್ಚಿನ ಸೆಳೆತ ಬೇಕಿತ್ತು. ಅದನ್ನು ಬರೀ ಚಳಕವೆನ್ನಲು ಹೇಗೆ ಸಾಧ್ಯ? ನಮ್ಮ ವ್ಯಾಸರು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿದ್ದರು. ದ್ರೌಪದಿಯ ಸ್ವಯಂವರದಲ್ಲಿ ಮೊದಲು ಬಿರುಸಾದ ಬಿಲ್ಲಿಗೆ ಹೆದೆ ಏರಿಸಬೇಕು, ಆಮೇಲೆ ಗುರಿ ಹೊಡೆಯಬೇಕು. ಬಹುಪಾಲು ರಾಜರು ಹೆದೆಯ ಹತ್ತಿರವೇ ಸೋತರು.

ಮರುದಿನ ಅವ್ವನಿಗೆ ಫೋನು ಮಾಡಿದಾಗ ನಗುತ್ತಾ ಈ ಜಗಳದ ಕಥೆ ಹೇಳಿದೆ. ಅವಳು ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು: 'ಗ್ವಾಡಿಗೆ ಹಿಡ್ಕಳಾಕ ಏನಿತ್ತು? ಕಲ್ಲು ಹೊರಗ ಬಂದಿದ್ವೋ, ನುಣ್ಣಗಿತ್ತೋ?'

ಮುಕ್ಕಾಲು ಗಂಟೆಯಲ್ಲಿ ನಮ್ಮ ನಾಲ್ವರಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು. ನಮಗೆ ಬೇಕಾದದ್ದು ಯಾವ ಕಾಲಂ ಎಂಬುದು. ಅವಳಿಗೆ ಬೇಕಾದದ್ದು ಗೋಡೆ ಹೇಗಿತ್ತು ಎಂಬುದು.

ನಮ್ಮೂರು ಜವಳಗೇರಾ. ಸಿಂಧನೂರಿನಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಬೀಜೋತ್ಪಾದನೆಯ ಕೇಂದ್ರೀಯ ಫಾರಂ ಇರುವ ಊರು ಎಂದರೆ ಕೆಲವರಿಗೆ ಗೊತ್ತಾಗಬಹುದು. ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ಈ ಸೀಮೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಭತ್ತದ ಜೊತೆಗೆ ಎರಡು ದೊಡ್ಡ ಕೆಲಸಗಳು ಬಂದವು: ಸಸಿ ನಾಟಿ ಮಾಡುವುದು, ಚೀಲ ಹೊರುವುದು. ಮೊದಲನೆಯದನ್ನು ನನ್ನವ್ವ ಮಾಡಿದಳು. ಎರಡನೆಯದನ್ನು ಸಿಂಧನೂರಿನ ಮಾರುಕಟ್ಟೆಯಲ್ಲಿ ನನ್ನ ಸೋದರಮಾವ ಮಾಡಿದ.

ನಾಟಿಯನ್ನು ಎಲ್ಲರೂ ಕೈಚಳಕ ಎನ್ನುತ್ತಾರೆ. 'ಹೆಣ್ಮಕ್ಕಳ ಕೈಗೆ ಅದು ಒಲಿದದ' ಎಂಬ ಮಾತು ನಮ್ಮ ಕಡೆ ಹೊಗಳಿಕೆ. ನಿಜ, ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ಹೆಬ್ಬೆರಳು ಮತ್ತೆರಡು ಬೆರಳಲ್ಲಿ ಎರಡು ಮೂರು ಸಸಿ ಬಿಡಿಸಿ, ಬೇರು ಮಡಚದಂತೆ ಕೆಸರಿಗೆ ಒತ್ತಿ, ಹಿಂದಕ್ಕೆ ಒಂದು ಹೆಜ್ಜೆ. ಆಳವಾದರೆ ಸಸಿ ಏಳುವುದು ತಡ, ಮೇಲಾದರೆ ನೀರಿಗೆ ತೇಲುತ್ತದೆ. ಬೆರಳಿಗೆ ಈ ಲೆಕ್ಕ ಗೊತ್ತಿರಬೇಕು. ಆದರೆ ಅದೇ ಹೊತ್ತಿನಲ್ಲಿ ಸೊಂಟ ಬೆಳಗಿನಿಂದ ಸಂಜೆಯವರೆಗೆ ಬಾಗಿರುತ್ತದೆ. ಮೀನಖಂಡದವರೆಗೆ ಕೆಸರು. ಪ್ರತಿ ಹೆಜ್ಜೆಗೂ ಆ ಕೆಸರಿನಿಂದ ಕಾಲು ಕೀಳಬೇಕು. ಪಿಎಚ್‌ಡಿಗೆ ಸೇರಿದ ವರ್ಷ ರಜೆಗೆ ಹೋದಾಗ ನಾನೂ ಗದ್ದೆಗೆ ಇಳಿದೆ. ಒಂದು ಗಂಟೆಯಲ್ಲಿ ಸೋತು ಬದುವಿನ ಮೇಲೆ ಕೂತೆ. ನನ್ನ ಬೆರಳುಗಳು ಸೋತಿರಲಿಲ್ಲ, ನಿಧಾನವಾಗಿದ್ದವು ಅಷ್ಟೆ. ಸೋತದ್ದು ತೊಡೆ ಮತ್ತು ಬೆನ್ನು. ಬಲ ಎಂಬ ಅಂಕಿ ಇರುವುದೇ ಅಲ್ಲಿ.

ಮಾವನ ಕೆಲಸವನ್ನು ಯಾರೂ ಚಳಕ ಎನ್ನಲಿಲ್ಲ. ನಮ್ಮಲ್ಲಿ ಭತ್ತದ ಚೀಲಕ್ಕೆ 75 ಕಿಲೋ ಲೆಕ್ಕ. ಅದನ್ನು ಬೆನ್ನ ಮೇಲೆ ಹೊತ್ತು, ನೆಲದಿಂದ ಲಾರಿಗೆ ಇಟ್ಟ ಹಲಗೆಯ ಮೇಲೆ ನಡೆಯುವುದು. 'ಗೂಳಿಯಂಥ ಮೈ' ಎಂದು ಜನ ಅವನನ್ನು ಹೊಗಳುತ್ತಿದ್ದರು. ಅವನೇ ನನಗೆ ಒಮ್ಮೆ ತೋರಿಸಿದ್ದ: ಚೀಲವನ್ನು ಎತ್ತುವುದಲ್ಲ, ಅದರ ಕೆಳಗೆ ಸೇರಿಕೊಳ್ಳುವುದು. ಹಿಂದಿನಿಂದ ಇಬ್ಬರು ಚೀಲ ಏರಿಸುವ ಕ್ಷಣಕ್ಕೆ ಸರಿಯಾಗಿ ಮೊಣಕಾಲು ಸಡಿಲಿಸಬೇಕು. ಹಲಗೆ ಕಾಲ ಕೆಳಗೆ ಬಾಗಿ ಚಿಮ್ಮುತ್ತದೆ. ಅದು ಚಿಮ್ಮುವ ತಾಳಕ್ಕೆ ಹೆಜ್ಜೆ ಕೂಡಿಸಿದರೆ ಹಲಗೆಯೇ ನಿನ್ನನ್ನು ಮೇಲಕ್ಕೆ ದೂಡುತ್ತದೆ, ತಪ್ಪಿದರೆ ಚೀಲದ ಸಮೇತ ಕೆಳಗೆ. ಕೊನೆಗೆ ಚೀಲ ಬೀಳಿಸುವಾಗ ಹೆಗಲು ಎಷ್ಟು ತಿರುಗಿಸಬೇಕೋ ಅಷ್ಟೇ ತಿರುಗಿಸಿದರೆ ಅದು ತನ್ನ ಜಾಗದಲ್ಲಿ ಕೂರುತ್ತದೆ, ಮತ್ತೆ ಮುಟ್ಟುವ ಅಗತ್ಯವಿಲ್ಲ. ಇದನ್ನೆಲ್ಲ ಕಲಿಯಲು ಎರಡು ವರ್ಷ ಹಿಡಿಯಿತು ಎಂದಿದ್ದ. ಈಗ ಐವತ್ತರ ಹತ್ತಿರ ಬಂದಿದ್ದಾನೆ. 'ಮೈಯಾಗ ಕಸುವು ಇಲ್ಲ' ಎಂದು ಅವನನ್ನು ಕರೆಯುವವರಿಲ್ಲ. ಅವನ ಎರಡು ವರ್ಷದ ಕಲಿಕೆ ಎಲ್ಲಿಯೂ ದಾಖಲಾಗಿಲ್ಲದ್ದರಿಂದ, ಅವನಿಂದ ಕಲಿಯಬಹುದು ಎಂದು ಯಾರಿಗೂ ಹೊಳೆದಿಲ್ಲ.

ಒಬ್ಬಳ ಬಲವನ್ನು ಚಳಕ ಎಂದು ಕರೆದೆವು. ಇನ್ನೊಬ್ಬನ ಚಳಕವನ್ನು ಬಲ ಎಂದು ಕರೆದೆವು. ಎರಡೂ ಬೈಗುಳವಲ್ಲ, ಹೊಗಳಿಕೆಯೇ. ಆದರೂ ಇಬ್ಬರಿಗೂ ನಷ್ಟವಾಗಿದೆ. ಹೆಣ್ಣಿನ ಕೈಗೆ ಹುಟ್ಟಿನಿಂದ ಒಲಿದದ್ದು ಎಂದ ಮೇಲೆ ಅದು ಕಲಿತದ್ದೂ ಅಲ್ಲ, ಕಷ್ಟದ್ದೂ ಅಲ್ಲ. ಹಾಗಾಗಿ ಹೆಣ್ಣಾಳಿಗೆ ಒಂದು ಕೂಲಿ, ಗಂಡಾಳಿಗೆ ಅದಕ್ಕಿಂತ ಹೆಚ್ಚಿನ ಕೂಲಿ. ಯಾಕೆ ಎಂದು ಕೇಳಿದರೆ ಗಂಡಸಿನದು ಬಲದ ಕೆಲಸ ಎಂಬ ಉತ್ತರ ಸಿದ್ಧವಿದೆ. 1976ರ ಸಮಾನ ವೇತನ ಕಾಯ್ದೆ ಕೌಶಲ, ಶ್ರಮ, ಹೊಣೆ ಈ ಮೂರನ್ನೂ ಒಟ್ಟಿಗೆ ತೂಗಿ ಎರಡು ಕೆಲಸಗಳು ಒಂದೇ ಬಗೆಯವೋ ಎಂದು ನೋಡಲು ಹೇಳಿತು. ಆದರೆ ಸಸಿಕಟ್ಟು ಎಸೆಯುವುದು ಬೇರೆ, ಸಸಿ ನೆಡುವುದು ಬೇರೆ ಎಂದುಬಿಟ್ಟರೆ ಆ ತೂಗುವಿಕೆ ಶುರುವಾಗುವುದೇ ಇಲ್ಲ.

ಚಳಕಕ್ಕೇ ನಮ್ಮಲ್ಲಿ ಬೆಲೆ ಇಲ್ಲವೇನೋ ಎಂದು ಮೊದಲು ಯೋಚಿಸಿದ್ದೆ. ಹಾಗೇನಿಲ್ಲ. ಶಸ್ತ್ರಚಿಕಿತ್ಸಕರ ಬೆರಳಿಗೆ, ಅಕ್ಕಸಾಲಿಗನ ಬೆರಳಿಗೆ ಬೆಲೆ ಇದೆ. ಬಲಕ್ಕೂ ಮರ್ಯಾದೆ ಇದೆ. ಜಾತ್ರೆಯಲ್ಲಿ ಗುಂಡುಕಲ್ಲು ಎತ್ತಿದವನಿಗೆ ಶಿಳ್ಳೆ, ಹಾರ ಎಲ್ಲ ಉಂಟು. ಅಂದರೆ ಬೆಲೆ ಗುಣದ ಹಿಂದೆ ಹೋಗುವುದಿಲ್ಲ, ಆ ಗುಣ ಯಾರ ಮೈಯಲ್ಲಿದೆ ಎಂಬುದರ ಹಿಂದೆ ಹೋಗುತ್ತದೆ. ಹೆಸರಿಡುವುದು ಆಮೇಲಿನ ಕೆಲಸ.

ಇದಕ್ಕೆ ಒಂದು ಆಕ್ಷೇಪವಿದೆ, ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಮೈಯಿಂದ ಮೈಗೆ ವ್ಯತ್ಯಾಸ ಇಲ್ಲವೇ? 75 ಕಿಲೋದ ಚೀಲದ ಕೆಳಗೆ ನನ್ನನ್ನು ನಿಲ್ಲಿಸಿದರೆ ಮಾವ ಹೇಳಿಕೊಟ್ಟ ಯಾವ ಪಾಠವೂ ನನ್ನನ್ನು ಉಳಿಸುವುದಿಲ್ಲ. ಬಲ ಮತ್ತು ಚಳಕ ಎರಡೂ ನಿಜ. ಗದಾಯುದ್ಧದ ಕಥೆ ಬಲ್ಲವರಿಗೆ ಈ ಜೋಡಿ ಹೊಸತಲ್ಲ. ಶಲ್ಯಪರ್ವದಲ್ಲಿ ಅರ್ಜುನ ಇಬ್ಬರಲ್ಲಿ ಯಾರು ಹೆಚ್ಚು ಎಂದು ಕೇಳಿದಾಗ, ಕೃಷ್ಣ ಭೀಮನಿಗೆ ಬಲವನ್ನೂ ದುರ್ಯೋಧನನಿಗೆ ಕುಶಲತೆಯನ್ನೂ ಕೊಟ್ಟು, ಕುಶಲತೆಯೇ ಮೇಲೆಂದು ತೀರ್ಪು ಹೇಳುತ್ತಾನೆ. ಆದರೆ ಅಲ್ಲೇ ಇನ್ನೊಂದು ವಿವರವಿದೆ. ಭೀಮನನ್ನು ಕೊಲ್ಲಬೇಕೆಂದು ದುರ್ಯೋಧನ ಹದಿಮೂರು ವರ್ಷ ಕಬ್ಬಿಣದ ಪ್ರತಿಮೆಯ ಮೇಲೆ ಗದೆ ಬೀಸಿ ಅಭ್ಯಾಸ ಮಾಡಿದ್ದ. ಹದಿಮೂರು ವರ್ಷ ಕಬ್ಬಿಣಕ್ಕೆ ಗದೆ ಬೀಸಿದ ತೋಳಿನಲ್ಲಿ ಬಲ ಎಲ್ಲಿಗೆ ಮುಗಿದು ಚಳಕ ಎಲ್ಲಿಂದ ಶುರುವಾಗುತ್ತದೆ? ಎರಡೂ ನಿಜವಾದರೂ, ಒಂದು ಕೆಲಸವನ್ನು ದಿನವೂ ಮಾಡುವ ಮೈಯಲ್ಲಿ ಅವು ಬೇರೆ ಬೇರೆ ಇರುವುದಿಲ್ಲ. ಕೊನೆಗೆ ಆ ಯುದ್ಧ ಗೆದ್ದದ್ದಂತೂ ಎರಡೂ ಅಲ್ಲ, ನಿಯಮ ಮುರಿದು ತೊಡೆಗೆ ಬಿದ್ದ ಏಟು.

ಊರಿನಲ್ಲೇ ಇನ್ನೊಂದು ಸಾಕ್ಷಿ ಇದೆ. ನಾಟಿಯ ಹಂಗಾಮಿನಲ್ಲಿ ಹೆಂಗಸರು ಗುಂಪು ಕಟ್ಟಿಕೊಂಡು ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿಯುತ್ತಾರೆ. ಆಗ ಅದು ಬಲದ ಕೆಲಸವೋ ಚಳಕದ ಕೆಲಸವೋ ಎಂದು ಯಾರೂ ಕೇಳುವುದಿಲ್ಲ. ಎಕರೆ ನಾಟಿಯಾಯಿತೋ ಇಲ್ಲವೋ ಅಷ್ಟೆ. ಅವ್ವ ಚೌಕಾಸಿ ಮಾಡುವ ದನಿಯೇ ಆಗ ಬೇರೆ. ನಾಟಿ ಮುಗಿದು ಕಳೆ ಕೀಳುವ ದಿನಗೂಲಿ ಬಂತೆಂದರೆ ಮತ್ತೆ ಹೆಣ್ಣಾಳು, ಗಂಡಾಳು. ಕೈ ಅದೇ, ಸೊಂಟ ಅದೇ. ಮಾಡಿದ ಕೆಲಸವನ್ನು ಅಳೆಯುವುದು ಬಿಟ್ಟು ಮಾಡುವ ಮೈಯನ್ನು ಅಳೆಯಲು ಶುರುಮಾಡಿದಾಗ ಕಾಲಂ ವಾಪಸು ಬರುತ್ತದೆ.

ಆಟದ ಪುಸ್ತಕದಲ್ಲಿ ಒಂದು ಐಚ್ಛಿಕ ನಿಯಮವಿದೆ. ಸಂದರ್ಭ ಬೇಡಿದರೆ ಕೌಶಲವೊಂದನ್ನು ಅದರ ಮಾಮೂಲಿ ಗುಣದ ಬದಲು ಬೇರೆ ಗುಣದ ಜೊತೆ ಸೇರಿಸಬಹುದು. ಮುಂದಿನ ಭಾನುವಾರ ನಾವು ಅವ್ವನ ಪ್ರಶ್ನೆಯನ್ನೇ ನಿಯಮ ಮಾಡಿಕೊಂಡೆವು: ಮೊದಲು ಗೋಡೆ ಹೇಗಿದೆ ಹೇಳು, ನೀನು ಹೇಗೆ ಹತ್ತುತ್ತೀಯ ಹೇಳು, ಅಂಕಿ ಆಮೇಲೆ. ಗೆಳತಿ ಬಿರುಕುಗಳನ್ನು ಹುಡುಕಿ, ಪಾದ ಓರೆ ಮಾಡಿ ಹತ್ತಿದಳು. ಆಟ ಕೊಂಚ ನಿಧಾನವಾಯಿತು. ಯಾರೂ ದೂರಲಿಲ್ಲ.

ನನ್ನ ಸಂಶೋಧನೆ ಅಷ್ಟು ಸುಲಭವಾಗಿ ಸರಿಹೋಗಿಲ್ಲ. ನಾನು ಕೆಲಸ ಮಾಡುತ್ತಿರುವುದು ನಮ್ಮ ಸೀಮೆಯ ಕೂಲಿಗಳ ಕುರಿತೇ. ಕನಿಷ್ಠ ವೇತನದ ಅಧಿಸೂಚನೆಗಳಲ್ಲಿ ಕುಶಲ, ಅರೆಕುಶಲ, ಅಕುಶಲ ಎಂಬ ವರ್ಗಗಳಿವೆ. ಎರಡನೆಯ ಅಧ್ಯಾಯದ ಕೋಷ್ಟಕಕ್ಕೆ ನಾನು ಅವನ್ನೇ ಯೋಚಿಸದೆ ಎತ್ತಿಕೊಂಡಿದ್ದೆ. ನಾಟಿ ಮತ್ತು ಹಮಾಲಿ ಎರಡೂ ಕೊನೆಯ ಕಾಲಂನಲ್ಲಿದ್ದವು. ಗದ್ದೆಯಲ್ಲಿ ಒಂದು ಗಂಟೆ ನಿಲ್ಲಲಾಗದವನು, ಹಲಗೆಯ ತಾಳ ತಿಳಿಯದವನು, ಅವ್ವನನ್ನೂ ಮಾವನನ್ನೂ 'ಅಕುಶಲ' ಎಂದು ಟೈಪ್ ಮಾಡಿ ಕೆಳಗೆ ಮೂಲವನ್ನೂ ನಮೂದಿಸಿದ್ದ. ಮಾರ್ಗದರ್ಶಕರು ಅದರಲ್ಲಿ ತಪ್ಪು ಹುಡುಕಲಿಲ್ಲ. ಸರ್ಕಾರಿ ವರ್ಗೀಕರಣದ ಪ್ರಕಾರ ಅದರಲ್ಲಿ ತಪ್ಪಿರಲೂ ಇಲ್ಲ.

ಆ ಕಾಲಂನ ತಲೆಬರಹವನ್ನು ಅಳಿಸಿದ್ದೇನೆ. ಅದರ ಜಾಗದಲ್ಲಿ ಏನು ಬರೆಯಬೇಕೆಂದು ಇನ್ನೂ ತೀರ್ಮಾನಿಸಿಲ್ಲ. ಸದ್ಯಕ್ಕೆ ಆ ಎರಡು ಕೆಲಸಗಳ ಎದುರಿಗೆ ಏನೇನು ಮಾಡಬೇಕಾಗುತ್ತದೆ ಎಂದು ಒಂದೊಂದಾಗಿ ಬರೆಯುತ್ತಿದ್ದೇನೆ. ಕೋಷ್ಟಕ ಪುಟದಲ್ಲಿ ಹಿಡಿಸುತ್ತಿಲ್ಲ.