ಹೊರುವವನ ನಿದ್ದೆ

ಸಂಕೇಶ್ವರದ ಸುತ್ತಮುತ್ತ ಕಬ್ಬಿನ ಹಂಗಾಮು ಬಂತೆಂದರೆ ಹಗಲು ರಾತ್ರಿಗಳ ಭೇದ ಅಳಿಯುತ್ತದೆ. ಒಂದು ಸಲ ನನ್ನ ಹೊಲದ ಕಬ್ಬು ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರ್ ಹುಡುಗ, "ಕಾಕಾ, ಎರಡ ರಾತ್ರಿ ಆತ್ರಿ, ಕಣ್ಣ ಮುಚ್ಚಿಲ್ಲ. ಪಾಳಿ ತಪ್ಪಿದ್ರ ಖೇಪಿನ ರೊಕ್ಕ ಹೋಗ್ತೈತಿ" ಎಂದ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ. "ಇವತ್ತ ಮುಟ್ಟಸಪಾ" ಎಂದು ಅವಸರ ಮಾಡಿದವನು ನಾನೇ. ಅವನ ಪಗಾರದ ಮಾತು ಬಂದಾಗ ಮಾತ್ರ, ಅದು ಟ್ರ್ಯಾಕ್ಟರ್ ಮಾಲೀಕನಿಗೆ ಸೇರಿದ್ದು ಎಂದು ಸುಮ್ಮನಾದೆ. ಮಾಲೀಕ ಕರಾರು ಪತ್ರ ತೋರಿಸುತ್ತಾನೆ. ಕರಾರು ಮಾಡಿಕೊಂಡವರು ಮಾಲೀಕನನ್ನು ತೋರಿಸುತ್ತಾರೆ.

ಇಂಥ ಏರ್ಪಾಡು ಈಗ ಆಕಾಶದಲ್ಲೂ ಇದೆ. ಅಮೆಜಾನ್ ಕಂಪನಿಯ ಸರಕು ವಿಮಾನದ ಮೈಮೇಲೆ ಅದರದೇ ಹೆಸರು ಇರುತ್ತದೆ. ಹಾರಿಸುವವರು ಬೇರೆ ಸಂಸ್ಥೆಯ ನೌಕರರು. 2023ರ ಜನವರಿಯಲ್ಲಿ ಅದು ಭಾರತದಲ್ಲಿ ವಿಮಾನ ಸೇವೆ ಆರಂಭಿಸಿದಾಗ ಹಾರಾಟದ ಹೊಣೆ ಹೊತ್ತದ್ದು ಬೆಂಗಳೂರಿನ ಕ್ವಿಕ್‌ಜೆಟ್. ಅಮೆರಿಕದಲ್ಲಿ ಹೀಗೆಯೇ ಅಮೆಜಾನ್ ಮತ್ತು ಡಿಎಚ್‌ಎಲ್ ಸರಕು ಸಾಗಿಸುತ್ತಿದ್ದ ಎಬಿಎಕ್ಸ್ ಏರ್ ಸಂಸ್ಥೆಯ ಪೈಲಟ್‌ಗಳು 2016ರ ನವೆಂಬರ್‌ನಲ್ಲಿ ಮುಷ್ಕರ ಹೂಡಿದರು. ರಜೆಯ ದಿನವೂ ಕೆಲಸಕ್ಕೆ ಕರೆಯುತ್ತಾರೆ, ಬದಲಿ ರಜೆ ಕೊಡುವುದಿಲ್ಲ ಎಂಬುದು ಅವರ ದೂರು. ಎರಡನೆಯ ದಿನವೇ ನ್ಯಾಯಾಲಯದ ಆದೇಶ ಬಂದು ಅವರು ಕೆಲಸಕ್ಕೆ ಮರಳಬೇಕಾಯಿತು.

ಪೈಲಟ್‌ನ ಸಂಬಳವೆಲ್ಲಿ, ಟ್ರ್ಯಾಕ್ಟರ್ ಹುಡುಗನ ಕೂಲಿಯೆಲ್ಲಿ ಎಂದು ಯಾರಾದರೂ ಕೇಳಬಹುದು. ನಿಜ, ಹೋಲಿಕೆಯೇ ಇಲ್ಲ. ಆದರೆ ನಿದ್ದೆಗೆಟ್ಟ ಕಣ್ಣಿಗೆ ಸಂಬಳದ ಅಂತರ ತಿಳಿಯುವುದಿಲ್ಲ. ಅಮೆರಿಕದ ವಿಮಾನಯಾನ ಆಡಳಿತ 2011ರಲ್ಲಿ ಪೈಲಟ್‌ಗಳ ವಿಶ್ರಾಂತಿಗೆ ಬಿಗಿಯಾದ ನಿಯಮ ಮಾಡಿತು. ಅದು 2014ರಲ್ಲಿ ಜಾರಿಗೆ ಬಂತು. ಸರಕು ವಿಮಾನಗಳನ್ನು ಮಾತ್ರ ಹೊರಗಿಟ್ಟಿತು. ಅವುಗಳಿಗೂ ಅನ್ವಯಿಸಿದರೆ ಲಾಭಕ್ಕಿಂತ ಖರ್ಚೇ ಹೆಚ್ಚು ಎಂಬುದು ಕೊಟ್ಟ ಕಾರಣ. ಹಿಂದೆ ಕೂತವರು ಮನುಷ್ಯರಾದರೆ ಪೈಲಟ್‌ಗೆ ಒಂದು ನಿದ್ದೆ, ಪೆಟ್ಟಿಗೆಗಳಾದರೆ ಇನ್ನೊಂದು ನಿದ್ದೆ! ಮುಂದೆ ಕೂತವನೂ ಮನುಷ್ಯನೇ ಎಂಬುದು ಆ ಲೆಕ್ಕದಲ್ಲಿ ಹಗುರವಾಯಿತು.

ಓದಿ ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ಕಬ್ಬಿನ ತೂಕದ ಎದುರು ಹುಡುಗನ ನಿದ್ದೆಯನ್ನಿಟ್ಟು ನಾನು ಮಾಡಿದ್ದೂ ಅದೇ ಲೆಕ್ಕ. ಕರಾರು ಸಂಬಳ ಕೊಡುವವನು ಯಾರೆಂದು ಹೇಳುತ್ತದೆ. ಅವಸರ ಯಾರದೆಂದು ಹೇಳುವುದಿಲ್ಲ. ಅವಸರ ನನ್ನದಾದರೆ ಆಯಾಸದ ಋಣವೂ ಒಂದಿಷ್ಟು ನನ್ನದೇ.

ಮರು ವರ್ಷ ಅಂಥದೇ ರಾತ್ರಿ ಬಂದಾಗ, "ಮಲಗಿ ಎದ್ದು ಹೋಗಪಾ" ಎಂದೆ. ತಪ್ಪಿದ ಖೇಪಿನ ಹಣ ಕೊಟ್ಟೆ. ಹುಡುಗ ಮಲಗಿದ್ದು ನನ್ನ ದಯೆಯಿಂದ. ಪಕ್ಕದ ಹೊಲದ ಹುಡುಗನಿಗೆ ಆ ದಯೆಯೂ ಇರಲಿಲ್ಲ. ದಯೆ ಎಂದೂ ನಿಯಮದ ಜಾಗ ತುಂಬಲಾರದು. ಮುಂದಿನ ಹಂಗಾಮಿಗೆ ಮೊದಲು ರೈತರು ಸೇರಿದಾಗ ಕಬ್ಬಿನ ದರದ ಜೊತೆಗೆ ಚಾಲಕರ ವಿಶ್ರಾಂತಿಯ ಮಾತನ್ನೂ ಎತ್ತಬೇಕೆಂದಿದ್ದೇನೆ. ಅದರ ಖರ್ಚಿನಲ್ಲಿ ನನ್ನ ಪಾಲೂ ಬರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು.