ಇಂದಿನ ಧಮ್ಮ ಚಿಂತನೆ: ಕಾರಿನೊಳಗಿನ ಧೂಳು

 

1901ರಲ್ಲಿ ಬಾಲಕ ಭೀಮರಾವ್ ತನ್ನ ಅಣ್ಣ ಮತ್ತು ಅಕ್ಕನ ಮಗನ ಜೊತೆ ತಂದೆಯನ್ನು ಕಾಣಲು ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದ. ಜಾತಿ ತಿಳಿದ ಮೇಲೆ ಯಾವ ಎತ್ತಿನಗಾಡಿಯವನೂ ಆ ಮಕ್ಕಳನ್ನು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಒಪ್ಪಿದ್ದು ದುಪ್ಪಟ್ಟು ಬಾಡಿಗೆಗೆ. ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುವುದು ಎಂಬ ಕರಾರು ಬೇರೆ. ಒಳ್ಳೆಯ ಬಟ್ಟೆ ತೊಟ್ಟ ಶುಭ್ರವಾದ ಮಕ್ಕಳಲ್ಲಿ ಅವನು ಕಂಡ ಮೈಲಿಗೆ ಯಾವುದು? ಅದು ಮಕ್ಕಳ ಮೈಮೇಲೆ ಇರಲಿಲ್ಲ, ಅವನ ತಲೆಯೊಳಗಿತ್ತು.

ಇಂದು ನಮ್ಮ ಬಳಗದ ಹಲವರ ಮನೆ ಮುಂದೆ ಸ್ವಂತ ಕಾರು ನಿಂತಿದೆ. ಸಾಲದ್ದಿರಲಿ, ಸೆಕೆಂಡ್ ಹ್ಯಾಂಡ್ ಇರಲಿ, ಅದು ಬಾಬಾಸಾಹೇಬರ ಹೋರಾಟದ ಫಲ. ಹಿಂದಿನ ಗಾಜಿನ ಮೇಲೆ ನೀಲಿ ಅಕ್ಷರದಲ್ಲಿ ‘ಜೈಭೀಮ್’ ಎಂದು ಬರೆಸುವುದೂ ಅದೇ ಹೆಮ್ಮೆಯಿಂದ. ಭಾನುವಾರ ಹೊರಗೆಲ್ಲ ತೊಳೆದು ಫಳಫಳ ಹೊಳೆಸುತ್ತೇವೆ. ಆದರೆ ಎಸಿ ಗಾಳಿ ಬರುವ ಕಿಂಡಿಗಳನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ. ಬೆರಳಿಗೆ ಬೂದು ಬಣ್ಣದ ಧೂಳು ಮೆತ್ತಿಕೊಳ್ಳುತ್ತದೆ.

ಹೊರಗಿನ ಧೂಳು ಊರಿನವರಿಗೆಲ್ಲ ಕಾಣುತ್ತದೆ, ಅದಕ್ಕೇ ತೊಳೆಯುತ್ತೇವೆ. ಒಳಗಿನದು ಯಾರಿಗೂ ಕಾಣದು. ಆದರೆ ಬ್ಲೋವರ್ ಹಾಕಿದಾಗಲೆಲ್ಲ ಅದು ಹಾರಿ ನಮ್ಮ ಮೂಗಿಗೆ, ಮಕ್ಕಳ ಎದೆಗೆ ಹೋಗುತ್ತದೆ. ಅದನ್ನು ತೆಗೆಯಲು ಒಂದು ಕ್ರಮ ಉಂಟು. ಮೊದಲು ಬ್ಲೋವರ್ ಆಫ್ ಮಾಡಬೇಕು. ಒದ್ದೆ ಬಟ್ಟೆಯಿಂದ ಶುರು ಮಾಡಬಾರದು, ಧೂಳು ಕೆಸರಾಗಿ ಸಂದಿಯಲ್ಲಿ ಅಂಟಿಕೊಳ್ಳುತ್ತದೆ. ಒಣಗಿದ ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಒಂದೊಂದೇ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಸವರಿ, ಆಮೇಲೆ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಎಷ್ಟೋ ಕಾರುಗಳಲ್ಲಿ ಎದುರಿನ ಗ್ಲೋವ್ ಬಾಕ್ಸಿನ ಹಿಂದೆ ಗಾಳಿ ಸೋಸುವ ಫಿಲ್ಟರ್ ಇರುತ್ತದೆ. ಅದು ಕಟ್ಟಿಕೊಂಡಿದ್ದರೆ ಕಿಂಡಿ ಎಷ್ಟು ಒರೆಸಿದರೂ ಅಷ್ಟೇ.

ಬುದ್ಧ ಭಗವಾನರ ಕಾಲದಲ್ಲಿ ಚೂಳಪಂಥಕ ಎಂಬ ಭಿಕ್ಷು ಇದ್ದ. ರಾಜಗೃಹದ ಸಿರಿವಂತನ ಮಗಳಿಗೂ ಆ ಮನೆಯ ಆಳಿಗೂ ಹುಟ್ಟಿದವನು ಎಂದು ಕಥೆ ಹೇಳುತ್ತದೆ. ನಾಲ್ಕು ತಿಂಗಳಾದರೂ ಒಂದು ಗಾಥೆ ಅವನ ಬಾಯಿಗೆ ಬರಲಿಲ್ಲ. ನೀನು ದಡ್ಡ, ಮನೆಗೆ ಹೋಗು ಎಂದು ಒಡಹುಟ್ಟಿದ ಅಣ್ಣನೇ ಕಳುಹಿಸಿಬಿಟ್ಟ. ಭಗವಾನರು ಅವನನ್ನು ತಡೆದು ನಿಲ್ಲಿಸಿ ಕೈಗೆ ಒಂದು ಬಿಳಿ ಬಟ್ಟೆ ಕೊಟ್ಟರು. ಇದನ್ನು ಉಜ್ಜುತ್ತಾ ‘ರಜೋಹರಣಂ’ ಎನ್ನುತ್ತಿರು ಎಂದರು, ಧೂಳು ತೆಗೆಯುವುದು ಎಂದು ಅದರರ್ಥ. ಉಜ್ಜುತ್ತ ಉಜ್ಜುತ್ತ ಬಟ್ಟೆ ಮಾಸಿತು. ಶುಭ್ರವಾದದ್ದೂ ಹಾಗೇ ಉಳಿಯುವುದಿಲ್ಲ ಎಂದು ಅವನಿಗೆ ಹೊಳೆಯಿತು. ಆಗ ಭಗವಾನರು ವಿವರಿಸಿದರು: ಧೂಳೆಂದರೆ ಬರಿಯ ಮಣ್ಣಲ್ಲ, ರಾಗ, ದ್ವೇಷ, ಮೋಹಗಳೇ ಧೂಳು. ಬಾಯಿಪಾಠ ಬಾರದವನು ಅರಹಂತನಾದ.

ನಮಗೆ ಬಾಯಿಪಾಠ ಚೆನ್ನಾಗಿಯೇ ಬರುತ್ತದೆ. ತ್ರಿಸರಣ, ಪಂಚಶೀಲ, 22 ಪ್ರತಿಜ್ಞೆ ಎಲ್ಲ ಹೇಳುತ್ತೇವೆ. ಆದರೆ ಬುದ್ಧ ಜಯಂತಿ ಮುಗಿಸಿ ಬರುವಾಗ ಕಾರಿನ ಮುಂದಿನ ಸೀಟಿನಲ್ಲಿ ಏನು ಮಾತು ನಡೆಯುತ್ತದೆ? “ಇವತ್ತು ಭಾಷಣ ಮಾಡಿದರಲ್ಲ, ಅವರು ನಮ್ಮವರಾ? ಎಡಗೈನವರೋ, ಬಲಗೈನವರೋ?” “ಹುಡುಗಿ ಓದಿದ್ದಾಳೆ, ಸರಿ. ಆದರೆ ಅವರ ಮನೆಗೆ ಹೇಗೆ ಸಂಬಂಧ ಬೆಳೆಸೋದು?” ಗಾಜು ಏರಿಸಿದೆ. ಒಳಗಿನ ಗಾಳಿಯೇ ಸುತ್ತುವಂತೆ ಬಟನ್ ಒತ್ತಿದೆ. ಹಿಂದಿನ ಸೀಟಿನ ಮಕ್ಕಳು ಆ ಗಾಳಿಯನ್ನೇ ಉಸಿರಾಡುತ್ತಾರೆ. ಸ್ಟೇಜಿನ ಭಾಷಣವನ್ನು ಅವರು ಮರೆತಾರು, ಈ ಮಾತನ್ನು ಮರೆಯುವುದಿಲ್ಲ. ಮಸೂರಿನ ಗಾಡಿಯವನ ತಲೆಯಲ್ಲಿದ್ದ ಧೂಳು ನಮ್ಮ ಕಾರಿನೊಳಗೂ ಕೂತಿದೆ ಎಂದರೆ ಬೇಸರವಾಗಬಹುದು. ಬೇಸರವಾದರೂ ಕಿಂಡಿ ಒರೆಸಲೇಬೇಕು.

ಇನ್ನೊಂದು ಮಾತು. ಬೆಳಗಿನ ಜಾವ ಬಂದು ಕಾರು ತೊಳೆಯುವವನನ್ನು “ಏ, ಬಾರೋ ಇಲ್ಲಿ” ಎಂದು ಕರೆಯುವವರು ನಮ್ಮಲ್ಲೂ ಇದ್ದಾರೆ. ಬೀದಿ ಗುಡಿಸುತ್ತಿದ್ದ ಸುನೀತ ತಥಾಗತರನ್ನು ಕಂಡು, ಸರಿಯಲು ಜಾಗವಿಲ್ಲದೆ, ಗೋಡೆಗೆ ಒತ್ತಿಕೊಂಡು ಕೈಮುಗಿದು ನಿಂತಿದ್ದ. ತಥಾಗತರು ಅವನ ಬಳಿಗೇ ಹೋಗಿ ಮಾತಾಡಿಸಿ ಸಂಘಕ್ಕೆ ಕರೆದುಕೊಂಡರು. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಲ್ಲಿ ಸುನೀತನಿಗೆ ಜಾಗ ಕೊಟ್ಟಿದ್ದಾರೆ. ಕೊಳೆ ತೆಗೆಯುವ ಕೆಲಸ ಕೀಳಲ್ಲ. ಕೊಳೆ ತೆಗೆಯಲೆಂದೇ ಕೆಲವರು ಹುಟ್ಟಿದ್ದಾರೆ ಎನ್ನುವುದು ಅಧಮ್ಮ. ನಮ್ಮ ಹಿರಿಯರು ಊರಿನ ಕೊಳೆಯನ್ನೆಲ್ಲ ಬಲವಂತಕ್ಕೆ ಹೊತ್ತವರು. ಅವರ ಮಕ್ಕಳಾದ ನಾವು ನಮ್ಮ ಕೊಳೆಯನ್ನು ನಾವೇ ತೆಗೆಯಲು ನಾಚಬೇಕಿಲ್ಲ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ ಪ್ರತಿಜ್ಞೆಗಳಲ್ಲಿ ಒಂಬತ್ತನೆಯದು ಮನುಷ್ಯರೆಲ್ಲ ಸಮಾನರೆಂಬ ನಂಬಿಕೆ. ಹತ್ತನೆಯದು ಆ ಸಮಾನತೆಯನ್ನು ಸ್ಥಾಪಿಸುವ ಪ್ರಯತ್ನ. ಬರೀ ನಂಬಿಕೆ ಸಾಲದೆಂದು ಅವರಿಗೆ ಗೊತ್ತಿತ್ತು. ನಂಬಿಕೆ ಗಾಜಿನ ಮೇಲಿನ ಸ್ಟಿಕ್ಕರಿನಲ್ಲೂ ಇರಬಲ್ಲದು, ಪ್ರಯತ್ನಕ್ಕೆ ಕೈಯಲ್ಲಿ ಬ್ರಷ್ ಬೇಕು.

*ಇಂದಿನ ಅಭ್ಯಾಸ:* ಈ ಭಾನುವಾರ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಕಾರಿನ ಕಿಂಡಿಗಳನ್ನು ನೀವೇ ಸ್ವಚ್ಛ ಮಾಡಿ. ಚೂಳಪಂಥಕನ ಕಥೆ ಹೇಳಿ. ಕಾರು ತೊಳೆಯುವವರ ಹೆಸರು ಕೇಳಿ ತಿಳಿದು, ಆ ಹೆಸರಿನಿಂದಲೇ ಮರ್ಯಾದೆಯಿಂದ ಕರೆಯಿರಿ. ಒಂದು ವಾರ ಕಾರಿನೊಳಗೆ ಯಾರ ಒಳಜಾತಿಯ ಮಾತನ್ನೂ ಎತ್ತಬೇಡಿ. ಕಾರಿಲ್ಲದವರು ಮನೆಯ ಫ್ಯಾನಿನ ರೆಕ್ಕೆಯಿಂದ ಶುರು ಮಾಡಬಹುದು. ಧೂಳು ಅಲ್ಲೂ ಕೂತಿರುತ್ತದೆ. ಮುಂದಿನ ತಿಂಗಳು ಮತ್ತೆ ಕೂರುತ್ತದೆ, ಮತ್ತೆ ಒರೆಸೋಣ.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್ 🙏